ಕುಸಿಯದ ಕಾರು

ಟಯರ್ ಬೋಳಾದರೂ ಬಿಡಿಗಾಸು ಬಿಚ್ಚದ ಗಂಡ, ಹಳೇ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಎರಡನ್ನೂ ತಾನಾಗಿ ಬದಲಿಸಿದ್ದು ಕುಸುಮಳಿಗೆ ಸೋಜಿಗವೆನಿಸಿತ್ತು.

ಮೆಕ್ಯಾನಿಕ್ ಕೈ ಒರೆಸಿಕೊಂಡ. "ಹಳೇವು ಪೂರ್ತಿ ಸವೆದಿದ್ವು ಸಾರ್. ಇವು ಹಾಗಲ್ಲ, ಭಾರ ಹೇರಿ ಒಂಚೂರು ದೂರ ಓಡಿಸಿದರೆ ತಾವೇ ಕಾರನ್ನ ಎತ್ತಿ ಹಿಡೀತವೆ. ಹಿಂದೆ ಕುಸಿಯೋದೇ ಇಲ್ಲ."

"ಡಿಕ್ಕಿ ತುಂಬಿದೆ ಅಂತ ನೋಡಿದವರಿಗೆ ಗೊತ್ತಾಗುತ್ತಾ?" ಗಂಡ ಕೇಳಿದ.

"ಚೆಕ್‌ಪೋಸ್ಟಿನವರಿಗೂ ಗೊತ್ತಾಗಲ್ಲ. ಎಷ್ಟು ಭಾರ ಸಾರ್?"

"ಅರವತ್ತೆರಡು ಕಿಲೋ."

"ಅಷ್ಟು ಕರಾರುವಾಕ್ಕಾಗಿ ತೂಗಿದ್ದೀರಾ?" ಮೆಕ್ಯಾನಿಕ್ ನಕ್ಕ. ಗಂಡ ನಗಲಿಲ್ಲ.

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಕುಸುಮ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಬೆಳಗ್ಗೆ ಅವನು "ಸೊರಗಿದ್ದೀಯಲ್ಲೇ" ಎಂದು ಅಕ್ಕರೆಯಿಂದ ಕೈಹಿಡಿದು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದ. ಮುಳ್ಳು ನಿಂತಿದ್ದು ಅರವತ್ತೆರಡರಲ್ಲೇ.