ಗುಡ್ಡೆ ಬೆಳೆದದ್ದು ಹೇಗೆ

"ಆ ಕಲ್ಲುಗುಡ್ಡೆ ನಿಮ್ಮೋರು ಯಾತಕ್ಕೆ ಕಟ್ಟಿದ್ರು? ಇವತ್ತಾದ್ರೂ ಹೇಳಿಬಿಡಿ," ಎಂದು ಕರ್ನಲ್ ಕೇಳಿಯೇಬಿಟ್ಟರು.

ಎದುರಿಗೆ ಕುಳಿತಿದ್ದವರು ಗಡಿಯಾಚೆಯ ನಿವೃತ್ತ ಮೇಜರ್. ಒಂದು ಕಾಲದಲ್ಲಿ ಇಬ್ಬರೂ ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ದುರ್ಬೀನು ಹಿಡಿದು ಒಬ್ಬರನ್ನೊಬ್ಬರು ಕಾದವರು. ಈಗ ಇಬ್ಬರೂ ಸಮವಸ್ತ್ರ ಕಳಚಿಟ್ಟು ಗಡಿತಂಟೆಗಳ ವಿದ್ವಾಂಸರಾಗಿದ್ದರು. ವಿಚಾರ ಸಂಕಿರಣಕ್ಕೆ ಬಂದಿದ್ದ ಮೇಜರರನ್ನು ಕರ್ನಲ್ ಚಹಾ ನೆಪದಲ್ಲಿ ಮನೆಗೆ ಕರೆತಂದಿದ್ದರು. ನಿಜವಾಗಿ ಅವರನ್ನು ಇಷ್ಟು ವರ್ಷ ಕೊರೆಯುತ್ತಿದ್ದದ್ದು ಈ ಪ್ರಶ್ನೆ.

ಎರಡೂ ದೇಶಗಳು ತಮ್ಮದೆನ್ನುತ್ತಿದ್ದ ಆ ಬೆಟ್ಟದ ತುದಿಗೆ ಒಮ್ಮೆ ಇವರ ಗಸ್ತು ಹೋಗುತ್ತಿತ್ತು, ಇನ್ನೊಮ್ಮೆ ಅವರದು. ಹೋದಾಗಲೆಲ್ಲ ಅಲ್ಲಿನ ಕಲ್ಲುಗುಡ್ಡೆ ಇನ್ನಷ್ಟು ಎತ್ತರವಾಗಿರುತ್ತಿತ್ತು. ಶತ್ರು ಗಡಿಗುರುತು ಕಟ್ಟುತ್ತಿದ್ದಾನೆ ಎಂದು ಕರ್ನಲ್ ವರದಿ ಕಳಿಸಿದರು. ಅಲ್ಲಿಗೆ ಕಾವಲು ಬಂತು, ಗುಂಡು ಹಾರಿತು, ಕರ್ನಲರ ತುಕಡಿಯ ವೈರ್‌ಲೆಸ್ ಹುಡುಗ ಸತ್ತ. ಈಗ ಕರ್ನಲರ ಹೊಸ ಪುಸ್ತಕದ ಏಳನೇ ಅಧ್ಯಾಯ ಪೂರ್ತಿ ಆ ಗುಡ್ಡೆಯದೇ. ಪುಸ್ತಕ ಇವತ್ತು ಸಂಜೆ ಅಚ್ಚಿಗೆ ಹೋಗಬೇಕಿತ್ತು.

ಮೇಜರ್ ಕಪ್ಪು ಕೆಳಗಿಟ್ಟರು. "ನಾವಾ? ಕಟ್ಟಿದ್ದು ನೀವಲ್ವಾ? ನನ್ನ ಪುಸ್ತಕದಲ್ಲಿ ಹಾಗಂತಲೇ ಬರ್ದಿದ್ದೀನಿ."

"ಏನ್ರೀ ಇದು, ಹಗಲುದರೋಡೆ! ಅದು ಬೆಳೆಯೋದನ್ನ ಕಣ್ಣಾರೆ ನೋಡಿದ್ದೀನಿ ನಾನು."

"ನಾನೇನು ಕಣ್ಣು ಮುಚ್ಕೊಂಡಿದ್ನಾ?"

ಒಳಗಿನಿಂದ ಕರ್ನಲರ ಹೆಂಡತಿ ಕೂಗಿದರು: "ಯುದ್ಧ ಮಾಡೋದಿದ್ರೆ ಅಂಗಳಕ್ಕೆ ಹೋಗಿ. ಕಪ್ಪುಗಳು ಹೊಸವು!"

ಇಬ್ಬರೂ ಪೆಚ್ಚಾಗಿ ನಕ್ಕರು. ಮೇಜರ್ ಮುಂದಕ್ಕೆ ಬಾಗಿ, "ನಿಮ್ಮ ಹುಡುಗ್ರು ತುದಿ ಮುಟ್ಟಿದ ಮೇಲೆ ಏನು ಮಾಡ್ತಿದ್ರು?" ಎಂದು ಕೇಳಿದರು.

"ಏನು ಮಾಡ್ತಾರೆ? ನೀರು ಕುಡಿಯೋರು, ದಣಿವಾರಿಸ್ಕೊಳ್ಳೋರು. ಹೊರಡೋ ಮುಂಚೆ ಆಳಿಗೊಂದು ಕಲ್ಲು ಇಡೋರು, ಸುಖವಾಗಿ ಮನೆ ಸೇರೋ ಹಾಗಾಗ್ಲಿ ಅಂತ..." ಕರ್ನಲರ ಮಾತು ಅಲ್ಲಿಗೇ ನಿಂತಿತು.

"ನಮ್ಮೋರೂ ಇಡ್ತಿದ್ರು," ಎಂದರು ಮೇಜರ್ ಮೆಲ್ಲಗೆ. "ಅಮ್ಮನ ಹೆಸರು ಹೇಳ್ಕೊಂಡು."

ಶತ್ರುವಿನ ಕಲ್ಲನ್ನು ಲೆಕ್ಕ ಹಿಡಿದವರು ತಮ್ಮವರ ಕಲ್ಲನ್ನು ಲೆಕ್ಕಕ್ಕೇ ತಂದಿರಲಿಲ್ಲ. ಕರ್ನಲರಿಗೆ ತಡೆಯಲಾರದಷ್ಟು ನಗು ಬಂತು. ನಗುತ್ತ ನಗುತ್ತ ವೈರ್‌ಲೆಸ್ ಹುಡುಗ ನೆನಪಾದ. ಅವನೂ ಇಟ್ಟಿದ್ದ.

"ಪುಸ್ತಕ ತಿದ್ದಬೇಕು," ಎಂದರು ಕರ್ನಲ್.

"ತಿದ್ದಬೇಕು. ಮೊದಲು ನೀವು ತಿದ್ದಿ, ಆಮೇಲೆ ನಾನು."

"ಯಾಕೆ, ನೀವೇ ಮೊದಲು ತಿದ್ದಿ."

ಮೊದಲು ಯಾರು ಹಿಂದೆ ಸರಿಯಬೇಕು ಎಂಬ ವಿಷಯದ ಮೇಲೆ ಪಾಠ ಹೇಳಿ ಹೇಳಿ ಪಳಗಿದವರು ಇಬ್ಬರೂ. ಯಾರೂ ಜಗ್ಗಲಿಲ್ಲ. ಅಷ್ಟರಲ್ಲಿ ಕರ್ನಲರಿಗೆ ಫೋನು ಬಂತು, ಪ್ರಕಾಶಕನದು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಸಾರ್, ಅಚ್ಚಿಗೆ ಬಿಟ್ಟುಬಿಡ್ಲಾ?"

ಬೆಟ್ಟದ ಮೇಲೆ ಎಂದೂ ಹುಟ್ಟದಿದ್ದ ಭಯ ಈಗ ಕರ್ನಲರಲ್ಲಿ ಹುಟ್ಟಿತು. ನಾಳೆ ತಮ್ಮವರೇ ದೇಶದ್ರೋಹಿ ಎನ್ನುತ್ತಾರೆ. ಆದರೂ ಅವರು ಹೇಳಿದರು: "ಬೇಡ. ಏಳನೇ ಅಧ್ಯಾಯ ತಪ್ಪು. ಆ ಗುಡ್ಡೆ ಶತ್ರು ಕಟ್ಟಿದ್ದಲ್ಲ."

"ಅಯ್ಯೋ, ಇಡೀ ಪುಸ್ತಕ ನಿಂತಿರೋದೇ ಅದರ ಮೇಲಲ್ವಾ ಸಾರ್? ಮತ್ತ್ಯಾರು ಕಟ್ಟಿದ್ದು?"

ಕರ್ನಲ್ ಫೋನನ್ನು ಮೇಜರ್ ಕಡೆ ಚಾಚಿದರು. ಮೇಜರ್ ಅದನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಕೈ ಚಾಚಿ ಇಸಿದುಕೊಂಡರು.

"ಎರಡೂ ಕಡೆ ಹುಡುಗ್ರು ಸೇರಿ ಕಟ್ಟಿದ್ದು. ನನ್ನ ಸಾಕ್ಷಿಯನ್ನೂ ಹಾಕ್ಕೊಳ್ಳಿ."

"ತಾವು ಯಾರು ಮಾತಾಡ್ತಿರೋದು?"

ಮೇಜರ್ ಒಂದು ಕ್ಷಣ ಕರ್ನಲರ ಮುಖ ನೋಡಿದರು.

"ನಾನಾ? ನಿಮ್ಮ ಏಳನೇ ಅಧ್ಯಾಯದ ಶತ್ರು."