ಯಾರು ಕೊಟ್ಟಿದ್ದು?

"ಎಲ್ರೂ ಬಣ್ಣದ ಡಬ್ಬಿ ಎತ್ತಿ ಹಿಡೀರಿ ಮಕ್ಳೇ," ಎಂದರು ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಮ್ಮ. ಫೋಟೊ ತೆಗೆಯಲು ಶಾಲಿನಿ ಮೊಬೈಲ್ ಹಿಡಿದು ನಿಂತಿದ್ದಳು. ಮಕ್ಕಳ ನಡುವೆ ಎಸ್ಟೇಟ್ ಮಾಲೀಕ ಷಡಕ್ಷರಿ ಕುಳಿತಿದ್ದರು. ಹಿಂದಿನ ಬ್ಯಾನರಿನಲ್ಲಿ 'ಕಲಿಕಾ ಸಾಮಗ್ರಿಗಳ ದಾನಿಗಳು' ಎಂದು ಅವರ ಹೆಸರಿತ್ತು.

ಡಬ್ಬಿಗಳನ್ನು ತಂದಿದ್ದು ಶಾಲಿನಿ. ಈ ವರ್ಷ ಅತಿಥಿ ಶಿಕ್ಷಕಿಯಾಗಿ ಸೇರಿದ ಅವಳಿಗೆ ಗೌರವಧನ ಇನ್ನೂ ಬಂದಿರಲಿಲ್ಲ. ಅಮ್ಮನ ಹತ್ತಿರ ದುಡ್ಡು ಕೇಳಿ, ಬೈಸಿಕೊಂಡು, ಮೂಡಿಗೆರೆಯಲ್ಲಿ ಕೊಂಡಿದ್ದಳು. ಬಸ್ಸಿಳಿದಾಗ ಚೀಲದ ಇನ್ನೊಂದು ತುದಿ ಹಿಡಿದು ಶಾಲೆಯವರೆಗೆ ನಡೆದವಳು ಎರಡನೇ ಕ್ಲಾಸಿನ ಯಮುನಾ. "ನಿಮ್ಮ ಹೆಸ್ರು ಹಾಕಿದ್ರೆ ಶಾಲೆಗೇನು ಸಿಗುತ್ತೆ ಹೇಳಿ? ಸಾಹುಕಾರ್ರು ಖುಷಿಯಾದ್ರೆ ಸೋರೋ ಮಾಡಿಗೆ ಶೀಟಾದ್ರೂ ಹಾಕಿಸ್ತಾರೆ," ಎಂದು ವಿಶಾಲಾಕ್ಷಮ್ಮ ಬೆಳಿಗ್ಗೆಯೇ ಶಾಲಿನಿಯ ಬಾಯಿ ಮುಚ್ಚಿಸಿದ್ದರು.

ಷಡಕ್ಷರಿ ಪಕ್ಕದಲ್ಲಿದ್ದ ಯಮುನಾಳ ತಲೆ ಸವರಿ, "ಯಾರು ಕೊಟ್ಟಿದ್ದು ಪುಟ್ಟಿ ಇದು?" ಎಂದು ನಗುತ್ತಾ ಕೇಳಿದರು.

"ನಮ್ ಟೀಚರ್. ನಾನೂ ಚೀಲ ಹಿಡ್ಕೊಂಡ್ ಬಂದಿದ್ದೆ."

ಷಡಕ್ಷರಿಯವರ ಕೈ ಹಿಂದೆ ಸರಿಯಿತು. ವಿಶಾಲಾಕ್ಷಮ್ಮ ಶಾಲಿನಿಯನ್ನು ದುರುಗುಟ್ಟಿಕೊಂಡು ನೋಡಿದರು.

ಶಾಲಿನಿ ಮೊಬೈಲ್ ಕೆಳಗಿಳಿಸಿದಳು. "ಸುಳ್ಳು ಹೇಳ್ಬಾರ್ದು ಯಮುನಾ," ಎಂದಳು. "ಸಾಹುಕಾರ್ರು ಕೊಟ್ಟಿದ್ದು. ಥ್ಯಾಂಕ್ಯೂ ಹೇಳು."

ಯಮುನಾ ಸಾಹುಕಾರರಿಗೆ ಥ್ಯಾಂಕ್ಯೂ ಹೇಳಿದಳು. ಆಮೇಲೆ ಎದ್ದು ಬಂದು, ಸುಳ್ಳು ಹೇಳಿದ್ದಕ್ಕೆ ಪೆಟ್ಟು ತಿನ್ನಲು, ಶಾಲಿನಿಯ ಮುಂದೆ ಅಂಗೈ ಚಾಚಿ ನಿಂತಳು.