ಯಾರ ಕೈಯಲ್ಲಿತ್ತು?

ಮೂರನೇ ಪುಟಕ್ಕೆ ಬರುತ್ತಿದ್ದಂತೆ ಆ್ಯಪ್ ಮತ್ತೆ ಮಕಾಡೆ ಮಲಗಿತು.

"ಸಾಹೇಬರೇ, ಬಿತ್ತು," ಎಂದಳು ಅವಳು ಹೆಡ್‌ಫೋನಿನ ಮೈಕಿಗೆ.

"ನಿಮ್ಮ ಕಡೆಯದೇ ಮೇಡಂ," ಎಂದ ಕೆಳಮಹಡಿಯವನು. "ನನ್ನ ಕೋಡ್ ಹತ್ತು ವರ್ಷದಿಂದ ಕಲ್ಲುಗುಂಡಿನ ಹಾಗಿದೆ."

"ಕಲ್ಲುಗುಂಡೇ. ಹೇಳಿದ್ದೊಂದೂ ಕೇಳಿಸಲ್ಲ."

ಅದೇ ಕರೆಯಲ್ಲಿದ್ದ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ನಿಮ್ಮಿಬ್ಬರ ಜಗಳ ಆಮೇಲೆ ಇಟ್ಕೊಳ್ಳಿ. ಮೂರು ಗಂಟೆಗೆ ಅಂಧರ ಗ್ರಂಥಾಲಯದವರು ಬರ್ತಾರೆ. ಅವರ ಮುಂದೆ ಬಿದ್ರೆ ಕೆಲಸ ಬೇರೆ ಕಂಪನಿ ಪಾಲು."

ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಆ್ಯಪ್ ಅದು. ಪುಟ ತಿರುಗಿಸುವುದು ಅವಳ ಕೋಡ್, ಹೊಸ ಭಾಷೆಯದು. ದನಿ ಕೊಡುವುದು ಅವನದು, ಹಳೆಯ ಸಿ ಭಾಷೆಯದು. ಎರಡನ್ನೂ ಬೆಸೆಯಲು ಒಂದು ವರ್ಷದ ಶ್ರಮ.

ವಿಚಿತ್ರವೆಂದರೆ, ತಪ್ಪು ಹುಡುಕುವ ಡೀಬಗರ್ ಹಾಕಿ ಸಾಲು ಸಾಲಿಗೂ ಕಾವಲು ಕೂತರೆ ಅದು ಬೀಳುತ್ತಲೇ ಇರಲಿಲ್ಲ. ಕಾವಲು ತೆಗೆದ ಕೂಡಲೇ ಧೊಪ್ ಎನ್ನುತ್ತಿತ್ತು, ತುಂಟ ಮಗುವಿನ ಹಾಗೆ.

ಅವಳು ತಣ್ಣಗಾದ ಚಹಾ ಗುಟುಕರಿಸಿದಳು. ಸಕ್ಕರೆ ಹೆಚ್ಚು. ಕೆಳಮಹಡಿಯಿಂದ ಬರುವ ಚಹಾ ಯಾವಾಗಲೂ ಹೀಗೇ. ಥಟ್ಟನೆ ಏನೋ ಹೊಳೆಯಿತು.

"ಪುಟ ಓದಿ ಮುಗಿದಾಗ ನನ್ನ ಕೋಡನ್ನ ಕರೆಯೋಕೆ ಅಂತ ಒಂದು ಫಂಕ್ಷನ್ ಕೊಟ್ಟಿದ್ನಲ್ಲ, ಅದನ್ನ ಹಿಡಿದಿಟ್ಕೊಂಡಿದ್ದೀರಿ ತಾನೇ?"

"ನಾನ್ಯಾಕೆ? ನನ್ನ ಹತ್ರ ಅದರ ವಿಳಾಸ ಮಾತ್ರ ಇದೆ. ಹಿಡ್ಕೊಂಡಿರೋದು ನೀವು ಅಂದ್ಕೊಂಡಿದ್ದೆ."

"ನೀವು ಅಂದ್ಕೊಂಡಿದ್ದೆ ನಾನು!"

ಅವಳು ತನ್ನ ಕೋಡ್ ತೆರೆದು ನೋಡಿದಳು.

ಅವಳ ಕೋಡಿನ ಭಾಷೆಗೊಂದು ಚಾಳಿ. ಯಾರ ಕೈಯಲ್ಲೂ ಇಲ್ಲದ್ದನ್ನು ಕಸವೆಂದು ತಾನೇ ಗುಡಿಸಿಬಿಡುತ್ತದೆ. ಅವನ ಕೋಡಿನತ್ತ ಅದಕ್ಕೆ ಕಣ್ಣೇ ಹಾಯದು. ಡೀಬಗರ್ ಇದ್ದಾಗ ಫಂಕ್ಷನ್ ಎಂಬ ಆ ಕೋಡಿನ ತುಣುಕನ್ನು ಡೀಬಗರೇ ಹಿಡಿದುಕೊಂಡಿರುತ್ತಿತ್ತು. ಇಲ್ಲದಾಗ ಫಂಕ್ಷನ್ ಕಸದ ಜೊತೆ ಹೋಗುತ್ತಿತ್ತು. ಆ ಖಾಲಿ ಜಾಗಕ್ಕೆ ಅವನ ಕೋಡ್ ಕೂಗು ಹಾಕುತ್ತಿತ್ತು.

ಓದು ಮುಗಿಯುವ ತನಕ ಕೈಬಿಡಬೇಡ ಎಂದು ಅವಳು ಒಂದೇ ಒಂದು ಸಾಲು ಸೇರಿಸಿದಳು.

ಮೂರನೇ ಪುಟ ದಾಟಿತು. ಹತ್ತೂ ದಾಟಿತು. ಗ್ರಂಥಾಲಯದ ಮುಖ್ಯಸ್ಥರು ಕಣ್ಣು ಕಾಣದವರು. ಮ್ಯಾನೇಜರ್ ಕೋಣೆಗೆ ಬಂದು ಕೂತು, ಆ್ಯಪ್ ಓದುತ್ತಿದ್ದ ಕಳ್ಳನ ಕಥೆ ಕೇಳುತ್ತಾ ಕೇಳುತ್ತಾ ನಗತೊಡಗಿದರು. ಪ್ರದರ್ಶನ ಮುಗಿಯಿತು ಎಂದರೆ, "ಆಮೇಲೆ ಕಳ್ಳ ಸಿಕ್ಕಿದ್ನಾ ಇಲ್ವಾ? ಅದನ್ನ ಹೇಳದೆ ನಿಲ್ಲಿಸಬೇಡಿ!" ಎಂದು ಪಟ್ಟು ಹಿಡಿದರು.

ಅವರು ಹೊರಟ ಮೇಲೆ ಮ್ಯಾನೇಜರ್ ಹೇಳಿದರು, "ಭೇಷ್! ಇನ್ಮೇಲಾದ್ರೂ ಯಾರ ಕೈಯಲ್ಲಿದೆ ಅಂತ ಬಾಯಿಬಿಟ್ಟು ಕೇಳ್ಕೊಳ್ಳಿ."

"ಇನ್ನು ಆ ತಪ್ಪು ಆಗಲ್ಲ ಸರ್," ಎಂದವು ಎರಡು ದನಿಗಳು ಒಟ್ಟಿಗೆ.

ಅವಳ ಫೋನ್ ರಿಂಗಾಯಿತು. ಸ್ಪೀಕರ್ ಒತ್ತಿದಳು. ಖುಷಿಯಲ್ಲಿ ಹೆಡ್‌ಫೋನಿನ ಮೈಕ್ ಆರಿಸುವುದು ಮರೆತೇಹೋಗಿತ್ತು.

"ಶಾಲೆಯಿಂದ ಮಾತಾಡ್ತಿದ್ದೀನಿ. ನಿಮ್ಮ ಮಗಳು ನನ್ನ ಪಕ್ಕದಲ್ಲೇ ಬಿಸ್ಕೆಟ್ ತಿಂತಾ ಕೂತಿದ್ದಾಳೆ. ಶಾಲೆ ಬಿಟ್ಟು ತುಂಬಾ ಹೊತ್ತಾಯ್ತು. ಇವತ್ತು ಯಾರು ಬರ್ತೀರಾ ಕರ್ಕೊಂಡು ಹೋಗೋಕೆ?"

ಹಿಂದಿನಿಂದ ಪುಟ್ಟ ದನಿ: "ನಿಧಾನಕ್ಕೆ ಬಾ ಅಮ್ಮಾ, ಪ್ಯಾಕೆಟ್ ಇನ್ನೂ ಖಾಲಿಯಾಗಿಲ್ಲ!"

ಅವಳು ಎರಡೆರಡು ಮೆಟ್ಟಿಲು ಹಾರುತ್ತಾ ಇಳಿದಳು. ಕೆಳಗೆ, ತಲೆಯ ಮೇಲೆ ಹೆಡ್‌ಫೋನ್ ಹಾಗೇ ಇಟ್ಟುಕೊಂಡು, ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಅವನು ಬಾಗಿಲು ತೆಗೆಯುತ್ತಿದ್ದ.

"ನೀನು ಕರ್ಕೊಂಡು ಬಂದಿದ್ದೀಯ ಅಂದ್ಕೊಂಡಿದ್ನಲ್ಲೇ!" ಎಂದ ಗಂಡ.